ಇತರೆ, ನಲವತ್ತು ಅಕ್ಷರ

ಏಣಿಗಳು ಬಂದದ್ದು ಬುಧವಾರ, ಪಾಲಿಬೆಟ್ಟದಿಂದ ಪಿಕಪ್ಪಿನಲ್ಲಿ.
ಇಪ್ಪತ್ತಾರು, ಅಲ್ಯೂಮಿನಿಯಂ, ಪ್ಲಾಸ್ಟಿಕ್ ಹೊದಿಕೆ ಬಿಚ್ಚಿರಲಿಲ್ಲ.
ಜೊತೆಗೊಂದು ಚಿತ್ರ:
ಮರ ಅಂದರೆ ನೆಟ್ಟಗಿನ ಗೆರೆ, ಬಳ್ಳಿ ಅಂದರೆ ಸುತ್ತಿದ ಗೆರೆ,
ಆಳು ಅಂದರೆ ಮೂಗು ಬಾಯಿ ಇಲ್ಲದ ಒಂದು ಬೊಂಬೆ.
ನೆಲ, ಮೇಜಿನಷ್ಟು ಮಟ್ಟ.
ನಮ್ಮ ಏಳನೇ ಬ್ಲಾಕಿನಲ್ಲಿ
ಕೈಜಾರಿದ ಕಿತ್ತಳೆ ಹೊಳೆಗೆ ಹೋಗಿಯೇ ನಿಲ್ಲುವುದು.

ಮುಂಬೈಯ ಒಂಬತ್ತನೇ ಮಹಡಿಯಲ್ಲಿ ಲೋಖಂಡೆಯವರು
ಲೆಕ್ಕ ಹಾಕಿದ್ದರು. ಬಿದಿರಿನ ಏಣಿ ಹೊರಲು ಇಬ್ಬರು, ಇದಕ್ಕೆ ಒಬ್ಬ.
ಬಳ್ಳಿಗೆ ಹನ್ನೊಂದು ನಿಮಿಷ,
ಮರದಿಂದ ಮರಕ್ಕೆ ನಲವತ್ತು ಸೆಕೆಂಡು.
ನೀರು ಕುಡಿಯಲಿಕ್ಕೂ ಹೊತ್ತು ಬಿಟ್ಟಿದ್ದರು, ಸುಳ್ಳು ಹೇಳಬಾರದು,
ಒಳ್ಳೆಯ ಮನುಷ್ಯ. ಫೋನಿನಲ್ಲಿ ದನಿ ಮೆತ್ತಗೆ.
ನನ್ನ ಮಗಳ ಜ್ವರವನ್ನೂ ಒಮ್ಮೆ ವಿಚಾರಿಸಿದ್ದರು.
ತೋಟಕ್ಕೆ ಬಂದದ್ದು ಒಂದೇ ಸಲ,
ಮಂಜು ಕವಿದು ಗೇಟು ಕೂಡ ಕಾಣದ ದಿನ.
ಬಂಗಲೆಯ ಜಗಲಿಯಲ್ಲೇ ಕಾಫಿ ಕುಡಿದು
ಎಲ್ಲ ನೋಡಿದೆ ಅಂದರು.

ನಾನು ತೋಟದ ರೈಟರು. ಬರೆಯುವುದು
ಹಾಜರಿ, ಮೆಣಸಿನ ತೂಕ, ರಜೆ, ಮುಂಗಡ.
ತರಬೇತಿ ಕೊಟ್ಟಾಯಿತೇ ಅಂತ ಕೇಳಿತು ಪರದೆ.
ಹೌದು ಒತ್ತಿದೆ.

ಎರವರ ತೋಲ ಏಣಿಯನ್ನು ಬೆರಳಿಂದ ಬಡಿದು ನೋಡಿದ,
ಹಲಸು ಬಡಿದು ನೋಡುವ ಹಾಗೆ.
ಆಮೇಲೆ ಮೇಲೆ ನೋಡಿದ.
ಮರ ನೋಡುತ್ತಾನೆ ಅಂದುಕೊಂಡೆ.
'ಇದು ಬೇಡ ರೈಟರೇ' ಎಂದ. ಯಾಕೆ ಅಂತ ಕೇಳಲಿಲ್ಲ.
ಯಾಕೆ ಎಂಬುದಕ್ಕೆ ಕಾಲಂ ಇರಲಿಲ್ಲ.

ಅವನದು ಒಂಟಿ ಬಿದಿರು,
ಗೆಣ್ಣು ಗೆಣ್ಣಿಗೆ ಗೇಣುದ್ದ ಕೊಂಬೆ ಉಳಿಸಿ ತಾನೇ ಸವರಿದ್ದು,
ಕಾಲಿನ ಹೆಬ್ಬೆರಳಿಗೆ ಗೊತ್ತಿರುವ ಏಣಿ.
ಸಿಲ್ವರ್ ಮರಕ್ಕೆ ಒರಗಿಸಿ ಹಗ್ಗ ಎರಡು ಸುತ್ತು ಬಿಗಿದರೆ
ಮರ, ಬಿದಿರು, ತೋಲ, ಗಾಳಿ ಬಂದರೆ ಮೂರೂ ಒಂದೇ ಕಡೆ ತೂಗುವರು.

ಹೀಗಾಗಿ ಒಂದು ಒಪ್ಪಂದ, ಯಾರೂ ಬಾಯಿಬಿಟ್ಟು ಆಡದ್ದು:
ಬೆಳಿಗ್ಗೆ ಏಳೂವರೆಗೆ ಹೊಸ ಏಣಿ ಒರಗಿಸುವುದು,
ತೋಲ ಎರಡು ಮೆಟ್ಟಿಲು ಹತ್ತುವುದು, ನಾನು ಫೋಟೋ ಕಳಿಸುವುದು,
ಆಮೇಲೆ ಅವನು ಬಿದಿರು ಹತ್ತುವುದು.
ಮುಂಬೈಯಿಂದ ಹಳದಿ ಹೆಬ್ಬೆರಳೊಂದು ಬರುತ್ತಿತ್ತು.
ತಿಂಗಳ ಕೊನೆಗೆ ನೂರಕ್ಕೆ ಹದಿನೆಂಟು ಸಮಯ ಉಳಿಯಿತಂತೆ.
ಎಲ್ಲಿಟ್ಟರೋ.

ಮಾರ್ಚ್ ಒಂಬತ್ತು. ಫೋಟೋ ಮುಗಿದಿತ್ತು, ಏಣಿ ಅಲ್ಲೇ ಇತ್ತು.
ತೋಲ ಹತ್ತು ಹೆಜ್ಜೆ ಆಚೆ ಎಲೆಯಡಿಕೆ ಮಡಚುತ್ತಿದ್ದ.
ಚಿಣ್ಣಿ ಕುಕ್ಕೆ ತರಲು ಆಗಷ್ಟೇ ಎದ್ದಿದ್ದಳು.
ಗಾಳಿ ಬೀಸಿತು. ಏಣಿ ಓರೆಯಾಯಿತು.
ಒಂದು ನೀಲಿ.
ಸದ್ದು ಆಮೇಲೆ.
ಕಾಫಿ ಬುಡದ ತರಗು ಹೊಗೆಯಾಡಿತು,
ಏಣಿಯ ತುದಿ ಮೇಣದ ಬತ್ತಿಯಂತೆ ಬಾಗಿತ್ತು.
ಆಗ ನಾನೂ ಮೇಲೆ ನೋಡಿದೆ.
ಬಾಳೆಲೆ ಕಡೆ ಹೋಗುವ ಕರೆಂಟಿನ ತಂತಿ.
ಹದಿನಾಲ್ಕು ವರ್ಷ ಅದರ ಕೆಳಗೇ ಹಾಜರಿ ಕೂಗಿದ್ದೇನೆ.

ವರದಿ ಕೇಳಿದರು. ನಷ್ಟ: ಏಣಿ, ಒಂದು.
ಕಾರಣ: ಆಳಿನ ಅಜಾಗ್ರತೆ, ಹವಾಮಾನ, ಇತರೆ.
ಇತರೆ ಆದರೆ ನಲವತ್ತು ಅಕ್ಷರ ಮೀರಬಾರದು.
ರಾತ್ರಿ ಕೂತು ಬೆರಳು ಮಡಚಿ ಎಣಿಸಿದೆ.
'ಮರದ ಮೇಲೆ ತಂತಿ ಇದೆ, ಚಿತ್ರದಲ್ಲಿ ಇಲ್ಲ.'
ಹದಿನೈದು.
'ತೋಲನಿಗೆ ಗೊತ್ತಿತ್ತು, ನಾನು ಕೇಳಲಿಲ್ಲ.'
ಸೇರಿ ಇಪ್ಪತ್ತೆಂಟು. ಜಾಗ ಧಾರಾಳವಾಗಿತ್ತು.
ಎರಡನ್ನೂ ಅಳಿಸಿ ಹವಾಮಾನ ಒತ್ತಿದೆ.

'ಏನು ಬರೆದ್ರಿ?' ಅಂದ ತೋಲ ಮರುದಿನ.
ಗಾಳಿ ಅಂತ, ಅಂದೆ.
'ಹಾಗಾದ್ರೆ ಅದಕ್ಕೆ ಅರ್ಧ ದಿನದ ಸಂಬಳ ಹಿಡೀರಿ.'
ನಕ್ಕ. ಬಿದಿರು ಹೆಗಲಿಗೇರಿಸಿ ಇಳಿಜಾರು ಇಳಿದ.

ನಿನ್ನೆ ಮತ್ತೆ ಪಿಕಪ್ ಬಂದಿದೆ.
ಏಣಿಯ ಕಾಲಿಗೆ ರಬ್ಬರು. ಹೊಸ ಚಿತ್ರವೂ ಇದೆ,
ಬೊಂಬೆಗೆ ಬೂಟು, ತಲೆಗೆ ಟೋಪಿ.
ಬಾಯಿ ಇನ್ನೂ ಬರೆದಿಲ್ಲ.